ಲೋಕಯ್ಯನಿಗೆ ಬಾಕಿ ಉಳಿದ ಊಟ

ಮಣ್ಣಗುಡ್ಡದ ಸೈಕಲ್ ಅಂಗಡಿಯ ಲೋಕಯ್ಯನಿಗೆ ಎರಡು ಸಂಗತಿಗಳನ್ನು ನೋಡಿಕೊಂಡು ಸುಮ್ಮನಿರಲು ಆಗುತ್ತಿರಲಿಲ್ಲ. ಒಂದು, ಬೆಂಡಾದ ಚಕ್ರ. ರಸ್ತೆಯಲ್ಲಿ ಯಾರೋ ಗುರುತಿಲ್ಲದವರು ಹೋಗುತ್ತಿದ್ದರೂ ಸರಿ, ಚಕ್ರ ಒಂದು ನೂಲಿನಷ್ಟು ಆಚೀಚೆ ಆಡಿದರೆ ಅಂಗಡಿಯೊಳಗಿಂದಲೇ ಕೂಗಿ ನಿಲ್ಲಿಸುತ್ತಿದ್ದ. ಹಿಂದಿನ ಚಕ್ರದಲ್ಲಿ ಬೆಂಡ್ ಉಂಟು, ಇವತ್ತೇ ತೆಗೆಸಿ, ನನ್ನಲ್ಲಿ ಬೇಡ, ಎಲ್ಲಿಯಾದರೂ ತೆಗೆಸಿ ಎಂದು ಹೇಳಿ ಕಳಿಸಿದರೆ ಮಾತ್ರ ಅವನಿಗೆ ಸಮಾಧಾನ. ಇನ್ನೊಂದು, ಊಟಕ್ಕೆ ಕಾದು ನಿಂತ ಮನುಷ್ಯ. ಮದುವೆ ಚಪ್ಪರದ ಹೊರಗೋ ಹೋಟೆಲಿನ ಹಿಂಬಾಗಿಲಲ್ಲೋ ಯಾರಾದರೂ ಹಾಗೆ ನಿಂತದ್ದು ಕಂಡರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಉರಿ ನಿಂತವನ ಮೇಲಲ್ಲ, ನಿಲ್ಲಿಸಿದವರ ಮೇಲೆ.

ಇದು ಅವನ ಅಪ್ಪ ಬೂಬನಿಂದ ಬಂದ ಸಿಟ್ಟು. ಕೂಳೂರು ಹೊಳೆಯಾಚೆ ಸಂಕಪ್ಪ ಶೆಟ್ಟರ ಗುತ್ತಿನ ಮನೆಯ, ಎಂದರೆ ಊರ ಧಣಿಗಳ ಮನೆಯ, ಎರಡು ಗದ್ದೆಗಳನ್ನು ಬೂಬ ಗೇಣಿಗೆ ಮಾಡುತ್ತಿದ್ದ. ಬೆಳೆ ಬಂದಾಗ ಗೇಣಿಯ ಭತ್ತ ಹೊತ್ತು ಗುತ್ತಿನ ಅಂಗಳಕ್ಕೆ ಹಾಕಬೇಕು, ಅಳೆದಾದ ಮೇಲೆ ಒಕ್ಕಲಿನವರಿಗೆ ಅಲ್ಲಿಯೇ ಗಂಜಿ. ಕ್ರಮವೇನೋ ಒಳ್ಳೆಯದೇ. ಆದರೆ ಶೆಟ್ಟರು ಉಂಡು, ಮಲಗಿ, ಎದ್ದು, ಅವರಿಗೆ ಬಡಿಸಿ ಎಂದು ಹೇಳುವ ತನಕ ಒಳಗಿನಿಂದ ಒಂದು ಸೌಟು ಗಂಜಿ ಹೊರಗೆ ಬರುವ ಹಾಗಿಲ್ಲ. ಬಿಸಿಲು ಅಂಗಳದ ಈ ತುದಿಯಿಂದ ಆ ತುದಿಗೆ ಹೋಗುತ್ತಿತ್ತು, ಬೂಬ ಅಡಿಕೆ ಹಾಳೆಯ ತಟ್ಟೆ ಹಿಡಿದು ನಿಂತೇ ಇರುತ್ತಿದ್ದ.

ಒಮ್ಮೆ ಜೊತೆಗೆ ಹೋಗಿದ್ದ ಎಂಟು ವರ್ಷದ ಲೋಕಯ್ಯ ತಡೆಯಲಾರದೆ ಗಟ್ಟಿಯಾಗಿ ಹೇಳಿಬಿಟ್ಟ: "ಎಂಕ್ ಬಡವಾಪುಂಡು." ತುಳುವಿನಲ್ಲಿ ಬಡವು ಎಂದರೆ ಹಸಿವು. ನನಗೆ ಹಸಿವಾಗುತ್ತದೆ ಎಂದು ಹೇಳುವುದೇ ಹೀಗೆ. ಇದರಲ್ಲಿ ಕನ್ನಡದ ಬಡವನೂ ಇಲ್ಲ, ಬಡತನವೂ ಇಲ್ಲ. ಬೂಬ ಗಾಬರಿಯಾಗಿ ಮಗನ ಬಾಯಿಗೆ ಕೈ ಒತ್ತಿದ. ಒಳಗೆ ಯಾರೋ ಹೆಂಗಸರು ನಕ್ಕದ್ದು ಕೇಳಿಸಿತು. ಅಪ್ಪನ ಅಂಗೈಯಲ್ಲಿದ್ದ ಭತ್ತದ ಧೂಳಿನ ವಾಸನೆ ಲೋಕಯ್ಯನಿಗೆ ಐವತ್ತರ ಹತ್ತಿರ ಬಂದರೂ ಹೋಗಿರಲಿಲ್ಲ. ಆ ಮಾತನ್ನು ಅವನು ಮತ್ತೆ ಯಾರ ಎದುರೂ ಆಡಲಿಲ್ಲ. ಹೆಂಡತಿ ವಾರಿಜಾಕ್ಷಿಯ ಎದುರೂ ಇಲ್ಲ. ಅವಳು ಅವನ ಮುಖ ನೋಡಿ ಬಡಿಸುವುದನ್ನು ಕಲಿತಿದ್ದಳು.

ಹದಿನಾರಕ್ಕೆ ಊರು ಬಿಟ್ಟು ಬಂದರಿನ ಅಬ್ದುಲ್ಲ ಬ್ಯಾರಿಯ ಸೈಕಲ್ ಅಂಗಡಿ ಸೇರಿದ. ಬ್ಯಾರಿಗೆ ಬಾಯಿ ಜೋರು, ಮನಸ್ಸು ಮೆದು. ಮಧ್ಯಾಹ್ನ ಒಂದಕ್ಕೆ ಗಿರಾಕಿ ಎದುರಿಗಿದ್ದರೂ ಸ್ಪಾನರ್ ಕೆಳಗಿಡಿಸುತ್ತಿದ್ದ. ಮೊದಲು ಉಣ್ಣು, ಹೊಟ್ಟೆ ಖಾಲಿ ಇದ್ದರೆ ಚಕ್ರದ ಕಡ್ಡಿಯ ಬಿಗಿ ಕೈಗೆ ಗೊತ್ತಾಗುವುದಿಲ್ಲ ಎನ್ನುತ್ತಿದ್ದ. ಲೋಕಯ್ಯ ಅಲ್ಲಿ ಹತ್ತು ವರ್ಷ ಬೆಂಡ್ ತೆಗೆದು, ಕೊನೆಗೆ ಮಣ್ಣಗುಡ್ಡದಲ್ಲಿ ತನ್ನದೇ ಅಂಗಡಿ ಇಟ್ಟ. ಬಾಡಿಗೆಗೆ ಕೊಡಲು ಹನ್ನೊಂದು ಸೈಕಲ್, ಬಾಗಿಲ ಮೇಲೆ 'ಇಲ್ಲಿ ಓವರಾಯಿಲಿಂಗ್ ಮಾಡಲಾಗುವುದು' ಎಂಬ ಬೋರ್ಡು.

ಆ ಬೋರ್ಡಿನಿಂದಲೇ ಉರ್ಸುಲಾ ಟೀಚರ್ ಪರಿಚಯವಾದದ್ದು. ಹತ್ತಿರದ ಶಾಲೆಯಲ್ಲಿ ಕಲಿಸುತ್ತಿದ್ದ ಅವರು ತಮ್ಮ ಲೇಡೀಸ್ ಸೈಕಲನ್ನು ಮೊದಲ ಸಲ ತಂದಾಗ, ಅದು ಓವರ್‌ಹಾಲಿಂಗ್, ಆಯಿಲ್ ಅಲ್ಲ ಎಂದು ತಿದ್ದಿದರು. ಎಲ್ಲ ಬಿಚ್ಚಿ ಎಣ್ಣೆ ಹಾಕುವುದೇ ಅಲ್ವಾ ಟೀಚರ್, ಆಯಿಲ್ ಇಲ್ಲದೆ ಹೇಗೆ ಎಂದು ಲೋಕಯ್ಯ ಕೇಳಿದ. ಟೀಚರ್ ಸ್ವಲ್ಪ ಯೋಚಿಸಿ, ಬೋರ್ಡು ಹಾಗೇ ಇರಲಿ ಎಂದರು. ಅಂದಿನಿಂದ ಹದಿನೈದು ವರ್ಷ ಅವರ ಸೈಕಲಿಗೆ ಬೇರೆಯವರು ಕೈ ಹಾಕಿರಲಿಲ್ಲ.

ಟೀಚರ್ ಒಂದು ಕ್ರೈಸ್ತ ಸೇವಾ ಸಂಘದ ಕಾರ್ಯದರ್ಶಿ. ಸಂಘದ ಹೆಸರು 'ಒಂದು ಹೊತ್ತಿನ ಕೂಟ'. ಸದಸ್ಯರು ವಾರಕ್ಕೊಂದು ಮಧ್ಯಾಹ್ನ ಊಟ ಬಿಟ್ಟು, ಆ ಊಟದ ಪಾಲನ್ನು ಪಾಪದವರಿಗೆ ಕೊಡುವುದು. ಪಾಪದವರು ಎಂದರೆ ನಮ್ಮ ಊರಿನಲ್ಲಿ ಇಲ್ಲದವರು, ಪಾಪ ಮಾಡಿದವರಲ್ಲ. ಎಂಬತ್ತಮೂರನೇ ಇಸವಿಯ ಡಿಸೆಂಬರಿನಲ್ಲಿ ಕೂಟದವರು ಮಂಗಳೂರಿನಿಂದ ಬೆಳಗಾವಿಯ ತನಕ ಸೈಕಲ್ ಯಾತ್ರೆ ಹೊರಡಿಸಿದರು. ಹದಿನಾಲ್ಕು ಜನ ಸವಾರರು, ಎಂಟು ದಿನ, ದಾರಿಯುದ್ದ ಇಗರ್ಜಿ ಶಾಲೆಗಳಲ್ಲಿ ಭಾಷಣ, ಹಾಡು, ವಂತಿಗೆ. ಯಾತ್ರೆ ಮುಗಿಯುವ ತನಕ ಪ್ರತಿ ಮಧ್ಯಾಹ್ನವೂ ಉಪವಾಸ.

ದಾರಿಯಲ್ಲಿ ಸೈಕಲ್ ನೋಡಿಕೊಳ್ಳಲು ಒಬ್ಬ ಬೇಕು, ಬರ್ತೀರಾ ಎಂದು ಟೀಚರ್ ಕೇಳಿದರು, ದಿನಕ್ಕೆ ಇಷ್ಟು ಎಂದು ಮಜೂರಿಯನ್ನೂ ಹೇಳಿದರು. ಲೋಕಯ್ಯ ಕೈ ಒರೆಸಿಕೊಂಡು ಯೋಚಿಸಿದ. ಹಸಿದವರಿಗೆ ಎಂದು ಇಷ್ಟು ಜನ ಸೈಕಲ್ ತುಳಿಯುತ್ತಾರೆ, ತನ್ನಿಂದ ತುಳಿಯಲು ಆಗುವುದಿಲ್ಲ, ಬೆಂಡ್ ತೆಗೆಯಲು ಆಗುತ್ತದೆ.

"ಮಜೂರಿ ಬೇಡ ಟೀಚರ್, ಅದು ನನ್ನ ಲೆಕ್ಕದಲ್ಲಿ ಆಯ್ತು. ನನಗೆ ಹೊತ್ತಿಗೆ ಸರಿಯಾಗಿ ಊಟ ಕೊಡಿ, ಅಷ್ಟು ಸಾಕು."

ಉಪವಾಸ ಸವಾರರಿಗೆ ಮಾತ್ರ, ನಿಮಗೂ ಸಾಮಾನಿನ ಟೆಂಪೋದ ಡ್ರೈವರ್ ಶುಕೂರನಿಗೂ ಬುತ್ತಿ ಇರುತ್ತದೆ ಎಂದು ಟೀಚರ್ ಮಾತು ಕೊಟ್ಟರು. ಎಂಟು ದಿನ ಅಂಗಡಿ ಮುಚ್ಚುವುದಕ್ಕೆ ವಾರಿಜಾಕ್ಷಿ ಗೊಣಗಿದಳು, ಆಮೇಲೆ ಅವಳೇ ಅವನ ಅಂಗಿಗಳಿಗೆ ಇಸ್ತ್ರಿ ಹಾಕಿಸಿದಳು. ಇಷ್ಟನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಲೋಕಯ್ಯ ಆ ಯಾತ್ರೆಗೆ ಹೋದದ್ದು ಕೊಡುವವನಾಗಿ.

ಸವಾರರಲ್ಲಿ ಹೆಚ್ಚಿನವರು ಇಲ್ಲಿ ಓದಲು ಬಂದ ಘಟ್ಟದ ಮೇಲಿನ ಹುಡುಗರು. ಅವರ ಮುಂದಾಳು ಜ್ಞಾನಮಿತ್ರ, ಬಳ್ಳಾರಿ ಕಡೆಯವ, ಪಾದ್ರಿಯಾಗಲು ಓದುತ್ತಿದ್ದವ. ಯಾತ್ರೆಯ ವರದಿ ಬರೆಯುವ ಕೆಲಸವೂ ಅವನದೇ. ಜೇಬಿನಲ್ಲಿ ಯಾವಾಗಲೂ ಒಂದು ನೋಟುಬುಕ್ಕು. ಮನುಷ್ಯ ಕೆಟ್ಟವನಲ್ಲ, ಆದರೆ ಮಂಗಳೂರಿನಲ್ಲಿ ಒಂದು ವರ್ಷ ಕಳೆದದ್ದಕ್ಕೆ ತನಗೆ ತುಳು ಬರುತ್ತದೆ ಎಂಬ ನಂಬಿಕೆ ಅವನಿಗೆ ಗಟ್ಟಿಯಾಗಿತ್ತು. ಬೆಳಿಗ್ಗೆ ಎದ್ದ ಕೂಡಲೇ ಲೋಕಯ್ಯನ ಹತ್ತಿರ ಬಂದು, "ಎಂಚ ಉಲ್ಲರ್?" ಎಂದು ಕೇಳುತ್ತಿದ್ದ, ಹೇಗಿದ್ದೀರಿ ಎಂದು. ತನ್ನ ಭಾಷೆ ಆಡಲು ಇಷ್ಟು ಕಷ್ಟಪಡುವವನಿಗೆ ಕನ್ನಡದಲ್ಲಿ ಉತ್ತರ ಕೊಟ್ಟರೆ ಮರ್ಯಾದೆಯಲ್ಲ ಎಂದು ಲೋಕಯ್ಯ ತುಳುವಿನಲ್ಲೇ ಉತ್ತರ ಕೊಡುತ್ತಿದ್ದ. ಅವನು ತಲೆಯಾಡಿಸಿ ನಗುತ್ತಿದ್ದ. ಏನು ತಿಳಿಯಿತೋ ಅವನಿಗೇ ಗೊತ್ತು.

ನಾಲ್ಕು ದಿನ ಎಲ್ಲ ಸುಸೂತ್ರ. ಕೂಳೂರು ಸೇತುವೆ ದಾಟಿ, ಉಡುಪಿ, ಭಟ್ಕಳ, ಹೊನ್ನಾವರ ಎಂದು ಕಡಲ ಬದಿಯಲ್ಲೇ ಅಂಕೋಲೆ ಮುಟ್ಟಿದರು. ಪ್ರತಿ ಊಟಕ್ಕೆ ಮೊದಲು ಎಲ್ಲರೂ ಸುತ್ತ ನಿಂತು ಕಣ್ಣು ಮುಚ್ಚಿ ಪ್ರಾರ್ಥನೆ ಹೇಳುವುದು, ಆಮೆನ್ ಎಂದ ಕೂಡಲೇ ಬಡಿಸುವುದು. ಲೋಕಯ್ಯನಿಗೂ ಅದು ರೂಢಿಯಾಗಿ ಅವನೂ ಕೈ ಜೋಡಿಸಿ ನಿಲ್ಲುತ್ತಿದ್ದ.

ಐದನೆಯ ದಿನ ಅರಬೈಲು ಘಟ್ಟ ಹತ್ತಬೇಕು. ಘಟ್ಟದ ಬುಡದಲ್ಲಿ ಮೂರು ಸೈಕಲ್ ಒಟ್ಟಿಗೆ ಕೆಟ್ಟವು. ಅದರಲ್ಲಿ ಜ್ಞಾನಮಿತ್ರನದ್ದು ಒಂದು, ಹಿಂದಿನ ಚಕ್ರದಲ್ಲಿ ನಾಲ್ಕು ಕಡ್ಡಿ ಮುರಿದು ರಿಮ್ಮು ಹಪ್ಪಳದ ಹಾಗೆ ಆಗಿತ್ತು. ಲೋಕಯ್ಯ ಟೆಂಪೋದಿಂದ ಸಾಮಾನನ್ನೂ ತಾನು ತಂದಿದ್ದ ಬಾಡಿಗೆ ಸೈಕಲೊಂದನ್ನೂ ಇಳಿಸಿಕೊಂಡ. ಯಲ್ಲಾಪುರದಲ್ಲಿ ಉಳಿಯುವ ವ್ಯವಸ್ಥೆ ನೋಡಬೇಕೆಂದು ಟೀಚರ್ ಶುಕೂರನ ಜೊತೆ ಮುಂದೆ ಹೋದರು. ಸೈಕಲ್ ಸರಿಯಿದ್ದ ಸವಾರರೂ ಹೋದರು. ಬುತ್ತಿ ಟೆಂಪೋದಲ್ಲೇ ಉಳಿಯಿತು. ಟೀಚರ್ ಅದನ್ನು ಮರೆತರು, ಲೋಕಯ್ಯ ನೆನಪಿಸಲಿಲ್ಲ. ನನ್ನ ಊಟ ಎಲ್ಲಿ ಎಂದು ಕೇಳುವ ನಾಲಗೆ ಅವನಿಗೆ ಇರಲಿಲ್ಲ.

ಹನ್ನೊಂದಕ್ಕೆ ಕೂತವನು ಮೂರರ ತನಕ ಏಳಲಿಲ್ಲ. ಲಾರಿಗಳು ಮೈಮೇಲೆ ಧೂಳು ಚೆಲ್ಲಿಕೊಂಡು ಹೋಗುತ್ತಿದ್ದವು. ಬೆಂಡ್ ತೆಗೆಯುವವನು ಕಣ್ಣನ್ನು ರಿಮ್ಮಿನಿಂದ ಎತ್ತಬಾರದು. ಹಾಗಾಗಿ ಲೋಕಯ್ಯ ತಿರುಗಿ ನೋಡದೆ ಕೈಯನ್ನು ಮಾತ್ರ ಹಿಂದಕ್ಕೆ ಚಾಚಿ, ಕೀ ಎನ್ನುತ್ತಿದ್ದ, ಪಕ್ಕದಲ್ಲಿ ಕೂತ ಜ್ಞಾನಮಿತ್ರ ಕಡ್ಡಿ ಬಿಗಿಯುವ ಕೀಯನ್ನು ಅಂಗೈಯಲ್ಲಿ ಇಡುತ್ತಿದ್ದ. ಒಬ್ಬ ಸವಾರನ ಕುತ್ತಿಗೆಯಲ್ಲಿ ಕ್ಯಾಮರಾ ಇತ್ತು. ಅವನು ಆಗ ಒಂದು ಫೋಟೋ ಹೊಡೆದ. ಕಣ್ಣಿಗೆ ಬಿದ್ದ ಧೂಳನ್ನು ಲೋಕಯ್ಯ ಭುಜಕ್ಕೆ ಒರೆಸಿಕೊಂಡ, ಕಣ್ಣು ಕೆಂಪಗೆ ನೀರಾಡುತ್ತಿತ್ತು.

ಕೊನೆಯ ಚಕ್ರ ಮುಗಿಯುವ ಹೊತ್ತಿಗೆ ಅವನು ಒಂದೇ ಕಡ್ಡಿಯನ್ನು ಎರಡೆರಡು ಸಲ ಬಿಗಿಯುತ್ತಿದ್ದ. ಅಬ್ದುಲ್ಲ ಬ್ಯಾರಿ ಹೇಳಿದ್ದು ಸುಳ್ಳಲ್ಲ, ಕಡ್ಡಿಯ ಬಿಗಿ ನಿಜಕ್ಕೂ ತಿಳಿಯುತ್ತಿರಲಿಲ್ಲ. ಆಗ ಜ್ಞಾನಮಿತ್ರ ಪ್ರೀತಿಯಿಂದಲೇ ಕೇಳಿದ, "ಎಂಚ ಉಲ್ಲರ್?"

ಲೋಕಯ್ಯ ಚಕ್ರ ಕೆಳಗಿಟ್ಟ. ನಲವತ್ತು ವರ್ಷ ಬಾಯಿಗೆ ಬಾರದ ಮಾತು ಅವತ್ತು ಬಂತು. ಇವರು ಹಸಿದವರಿಗೆಂದೇ ಹೊರಟವರು, ಇವರ ಹತ್ತಿರ ಹೇಳಲು ಎಂತ ನಾಚಿಕೆ ಎಂದುಕೊಂಡನೋ ಏನೋ. "ಎಂಕ್ ಬಡವಾಪುಂಡು," ಎಂದ.

ಜ್ಞಾನಮಿತ್ರನ ಮುಖವೇ ಬದಲಾಯಿತು. ಅವನು ಲೋಕಯ್ಯನ ಗ್ರೀಸು ಮೆತ್ತಿದ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡ. ಉಳಿದವರನ್ನು ಹತ್ತಿರ ಕರೆದು ಏನೋ ಪಿಸುಗುಟ್ಟಿದ. ಎಲ್ಲರೂ ಸುತ್ತ ನಿಂತು ಕಣ್ಣು ಮುಚ್ಚಿದರು. ಲೋಕಯ್ಯನಿಗೆ ಜೀವ ಬಂದ ಹಾಗಾಯಿತು. ಊಟಕ್ಕೆ ಮುಂಚಿನ ಪ್ರಾರ್ಥನೆ ಶುರುವಾಯಿತು, ಯಾರದೋ ಚೀಲದಲ್ಲಿ ಅವಲಕ್ಕಿಯೋ ಬನ್ನೋ ಇರಬೇಕು ಎಂದುಕೊಂಡು ಅವನೂ ಕಣ್ಣು ಮುಚ್ಚಿದ. ಪ್ರಾರ್ಥನೆ ಉದ್ದವಾಗಿತ್ತು. ಈ ಸಹೋದರ, ಇವನ ಹೆಂಡತಿ, ಮಕ್ಕಳು, ಇವನ ಕಷ್ಟ ಎಂದೆಲ್ಲ ಬಂತು. ಆಮೆನ್ ಎಂದು ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವನು ಅವನೇ. ಕಣ್ಣು ಬಿಟ್ಟು ನೋಡಿದರೆ ಅವರು ಸೈಕಲ್ ಹತ್ತುತ್ತಿದ್ದರು.

ಅವನು ಆ ಬಾಡಿಗೆ ಸೈಕಲನ್ನು ತಳ್ಳಿಕೊಂಡು ಘಟ್ಟ ಹತ್ತಿದ. ಟೆಂಪೋ ಸಿಕ್ಕಿದ್ದು ಸಂಜೆಗೆ. ಬುತ್ತಿಯ ಅನ್ನ ಹಳಸಿತ್ತು. ಟೀಚರ್ ಹಣೆ ಚಚ್ಚಿಕೊಂಡರು, ಶುಕೂರ್ ಎಲ್ಲಿಂದಲೋ ಬ್ರೆಡ್ಡು ತಂದು ಕೊಟ್ಟ. ಪ್ರಾರ್ಥನೆಯ ಸಂಗತಿ ಲೋಕಯ್ಯ ಯಾರಿಗೂ ಹೇಳಲಿಲ್ಲ. ಅವರಲ್ಲಿ ಏನೂ ಇರಲಿಲ್ಲವೇನೋ, ಪಾಪ, ಅದಕ್ಕೆ ದೇವರಿಗಾದರೂ ಹೇಳಿದರು ಎಂದು ತಾನೇ ಅವರ ಪರವಾಗಿ ವಾದ ಮಾಡಿಕೊಂಡು, ಉಳಿದ ಮೂರು ದಿನವೂ ಮನಸ್ಸಿಟ್ಟು ಕೆಲಸ ಮಾಡಿ ಬಂದ. ಅಂಥ ಮನುಷ್ಯ.

ಜನವರಿ ಕೊನೆಯಲ್ಲಿ ಒಂದು ಮಧ್ಯಾಹ್ನ ಅಂಗಡಿಯ ಎದುರು ಅಂಬಾಸಿಡರ್ ಕಾರು ನಿಂತಿತು. ಇಳಿದವರು ತಾರಾನಾಥ ಶೆಟ್ಟರು, ಸಂಕಪ್ಪ ಶೆಟ್ಟರ ಮಗ, ಪೇಟೆಯಲ್ಲಿ ಎರಡು ಹೋಟೆಲಿನ ಯಜಮಾನ. ಅವರು ಈ ಅಂಗಡಿಗೆ ಬಂದದ್ದು ಅದೇ ಮೊದಲು. ಒಂದು ಕೈಯಲ್ಲಿ ಹಳೆ ಬಟ್ಟೆಯ ಕಟ್ಟು, ಇನ್ನೊಂದು ಕೈಯಲ್ಲಿ ಅಚ್ಚು ಹಾಕಿದ ಒಂದು ಹಾಳೆ. ಬೂಬ ಅವರ ಅಪ್ಪನನ್ನು ಧಣಿ ಎನ್ನುತ್ತಿದ್ದ. ಲೋಕಯ್ಯ ಇವರನ್ನು ಶೆಟ್ರೆ ಎಂದು ಕರೆಯಲು ಮೂವತ್ತು ವರ್ಷ ದುಡಿದಿದ್ದ.

ಶೆಟ್ಟರು ಹಾಳೆ ತೋರಿಸಿದರು. ಒಂದು ಹೊತ್ತಿನ ಕೂಟದ ಕರಪತ್ರ. ಮೇಲ್ಗಡೆ ದೊಡ್ಡಕ್ಷರದಲ್ಲಿ 'ಬಡವನ ಕಣ್ಣೀರು'. ಕೆಳಗೆ ಫೋಟೋ. ಧೂಳಿನಲ್ಲಿ ಕುಕ್ಕರುಗಾಲಿನಲ್ಲಿ ಕೂತ ಲೋಕಯ್ಯ, ಒದ್ದೆ ಕಣ್ಣು, ಚಾಚಿದ ಖಾಲಿ ಕೈ. ಅದರ ಕೆಳಗೆ ಬರೆದಿತ್ತು: ನಮ್ಮ ಮೆಕ್ಯಾನಿಕ್ ಲೋಕಯ್ಯ ಘಟ್ಟದ ಬುಡದಲ್ಲಿ ಕಣ್ಣೀರಿಡುತ್ತ, ನಾನು ಬಡವನಾಗುತ್ತಿದ್ದೇನೆ ಎಂದು ತನ್ನ ಭಾಷೆಯಲ್ಲಿ ತೋಡಿಕೊಂಡರು, ನಾವು ಅವರ ಕೈ ಹಿಡಿದೆವು, ನೀವೂ ಹಿಡಿಯಿರಿ.

"ನನಗೆ ಒಂದು ಮಾತು ಹೇಳಬಾರದಿತ್ತಾ ಲೋಕಯ್ಯ?" ಎಂದರು ಶೆಟ್ಟರು. ಅವರ ದನಿಯಲ್ಲಿ ನಿಜವಾದ ಮರುಕವೇ ಇತ್ತು, ಅದೇ ಹೆಚ್ಚು ಚುಚ್ಚಿತು. "ಹೊರಗಿನವರ ಎದುರು ಕೈ ಚಾಚುವ ಅಗತ್ಯ ಎಂತ ಇತ್ತು? ನಿನ್ನ ಅಪ್ಪ ನಮ್ಮ ಅಂಗಳದಲ್ಲಿ ಉಂಡವ. ಮಧ್ಯಾಹ್ನ ಮೂರರ ಮೇಲೆ ಹೋಟೆಲಿನ ಹಿಂದಿನ ಬಾಗಿಲಿಗೆ ಬಾ, ನಾನು ಹೇಳಿಟ್ಟಿರ್ತೇನೆ."

ಮೂರರ ಮೇಲೆ. ಹಿಂದಿನ ಬಾಗಿಲು. ಲೋಕಯ್ಯ ಶೆಟ್ಟರ ಕೈಯಿಂದ ಬಟ್ಟೆಯ ಕಟ್ಟನ್ನು ತೆಗೆದುಕೊಂಡು ಕಾರಿನ ಸೀಟಿನ ಮೇಲೆ ವಾಪಸು ಇಟ್ಟ. ಪಂಪು ತಂದು, ಕಾರಿನ ಹಿಂದಿನ ಟಯರಿಗೆ ಗಾಳಿ ಕಡಿಮೆಯಿದ್ದದ್ದನ್ನು ಬೆವರು ಸುರಿಸಿ ತುಂಬಿಸಿದ.

"ಇದು ನನ್ನ ಲೆಕ್ಕದಲ್ಲಿ ಶೆಟ್ರೆ," ಎಂದ. "ನೀವು ಹೊರಡಿ."

ಶೆಟ್ಟರು ಹೋದ ಮೇಲೆ ಅವನು ಅಂಗಡಿಗೆ ಹಲಗೆ ಹಾಕಿದ. ಮೂವತ್ತು ವರ್ಷ ಬೆಂಡ್ ತೆಗೆದು ಕಟ್ಟಿಕೊಂಡ ಹೆಸರನ್ನು ಒಂದು ಹಾಳೆ ಕಾಗದ ಅಳಿಸಿ ಹಾಕಿತಲ್ಲ. ವಾರಿಜಾಕ್ಷಿಗೆ ಆಗಲೇ ನೀರಿನ ನಳ್ಳಿಯ ಹತ್ತಿರ ಯಾರೋ, ಅಷ್ಟು ಕಷ್ಟ ಇತ್ತಾ ನಿಮಗೆ, ನಮಗೆ ತಿಳಿಯಲೇ ಇಲ್ಲ ಎಂದು ಹೇಳಿದ್ದರಂತೆ. ಅವಳು ಅದನ್ನು ಗಂಡನಿಗೆ ಹೇಳದೆ ಎರಡು ದಿನ ನುಂಗಿಕೊಂಡಿದ್ದಳು.

ಅವನು ನೇರ ಉರ್ಸುಲಾ ಟೀಚರ್ ಮನೆಗೆ ಹೋಗಿ ಕರಪತ್ರವನ್ನು ಜಗಲಿಯ ಮೇಜಿನ ಮೇಲಿಟ್ಟ.

"ಟೀಚರ್, ಯಾತ್ರೆಗೆ ಬರುವಾಗ ನಾನು ನಿಮ್ಮಲ್ಲಿ ಕೇಳಿದ್ದು ಎಂತ?"

"ಊಟ."

"ಬೇರೆ ಎಂತಾದರೂ ಕೇಳಿದ್ದೇನಾ?"

"ಇಲ್ಲ."

"ಹಾಗಾದರೆ ಇದರಲ್ಲಿ ಕೈ ಚಾಚಿ ಅಳುವವ ಯಾರು?"

ಟೀಚರಿಗೂ ಕರಪತ್ರ ಓದಿ ಕಸಿವಿಸಿಯಾಗಿತ್ತಂತೆ. ಆದರೆ ತಾನಿಲ್ಲದಾಗ ಲೋಕಯ್ಯನೇ ಮನಸ್ಸು ಬಿಚ್ಚಿ ಹೇಳಿಕೊಂಡಿರಬೇಕು ಎಂದು ಸುಮ್ಮನಿದ್ದರು. ಅವರು ಕೂಡಲೇ ಜ್ಞಾನಮಿತ್ರನಿಗೆ ಹೇಳಿಕಳಿಸಿದರು. ಅವನು ನೋಟುಬುಕ್ಕು ಹಿಡಿದೇ ಬಂದ. ನಾನು ಒಂದಕ್ಷರ ಸೇರಿಸಿಲ್ಲ, ಇವರು ಆಡಿದ ಮಾತನ್ನು ಅಲ್ಲಿಯೇ ಬರೆದುಕೊಂಡಿದ್ದೇನೆ ಎಂದು ಪುಟ ತೆರೆದು ತೋರಿಸಿದ. ತಪ್ಪಿಲ್ಲದ ದುಂಡು ಕನ್ನಡ ಅಕ್ಷರಗಳಲ್ಲಿ ಬರೆದಿತ್ತು: ಎಂಕ್ ಬಡವಾಪುಂಡು.

ತುಳು ಮನೆಮಾತಿನ ಟೀಚರ್ ಅದನ್ನು ಓದಿದರು. ಮೊದಲು ಅವರಿಗೆ ನಗು ಬಂತು, ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಜ್ಞಾನಮಿತ್ರ, ಬಡವು ಅಂದರೆ ತುಳುವಿನಲ್ಲಿ ಹಸಿವು. ಅವರು ನಿಮ್ಮಲ್ಲಿ ಊಟ ಕೇಳಿದ್ದು."

ಅವನ ಮುಖ ಬಿಳಿಚಿತು. ಕ್ಷಮಿಸಿ ಎಂದು ಕೈ ಮುಗಿದ. ಅಲ್ಲಿಗೇ ನಿಲ್ಲಿಸಿದ್ದರೆ ಲೋಕಯ್ಯ ಬಹುಶಃ ಎದ್ದು ಹೋಗುತ್ತಿದ್ದ. ಆದರೆ ಓದಿದವರಿಗೆ ಅಲ್ಲಿಗೇ ನಿಲ್ಲಿಸಲು ಬರುವುದಿಲ್ಲ. ಆದರೂ ಟೀಚರ್, ಹಸಿದವನೇ ಅಲ್ಲವೇ ಬಡವ, ಅರ್ಥದಲ್ಲಿ ಅಂಥ ದೊಡ್ಡ ವ್ಯತ್ಯಾಸ ಏನಾಯಿತು ಎಂದ.

"ನಿಮಗೆ ಹಸಿವು ಆಗುವುದಿಲ್ವಾ?" ಎಂದು ಲೋಕಯ್ಯ ಕೇಳಿದ.

ನಮ್ಮದು ಉಪವಾಸ, ಅದನ್ನು ನಾವಾಗಿ ಆರಿಸಿಕೊಂಡದ್ದು ಎಂದ ಜ್ಞಾನಮಿತ್ರ. ಓದುಗರೇ, ಕೇಳಿದಿರಲ್ಲ. ಹಸಿವು ಇವರದ್ದಾದರೆ ವ್ರತ, ಲೋಕಯ್ಯನದ್ದಾದರೆ ಬಡತನ. ಮೈಯಲ್ಲಿ ಗ್ರೀಸು ಇದ್ದವನಿಗೆ ಸುಮ್ಮನೆ ಒಂದು ಮಧ್ಯಾಹ್ನ ಹಸಿಯುವ ಹಕ್ಕೂ ಇಲ್ಲ.

ತಪ್ಪಾಗಿದೆ ಎಂದು ಅಚ್ಚು ಹಾಕಿಸಿ ಹಂಚಬೇಕು, ಬೇರೇನೂ ಬೇಡ ಎಂದು ಹೇಳಿ ಲೋಕಯ್ಯ ಮನೆಗೆ ಬಂದ. ಟೀಚರ್ ಅದನ್ನು ಕೂಟದ ಸಮಿತಿಯಲ್ಲಿ ಇಟ್ಟರು. ಒಂದು ವಾರದ ನಂತರ ಅವರೇ ಅಂಗಡಿಗೆ ನಡೆದು ಬಂದರು, ಸೈಕಲ್ ತಂದಿರಲಿಲ್ಲ. ಸಮಿತಿ ಒಪ್ಪಲಿಲ್ಲ. ಕರಪತ್ರದ ಇಂಗ್ಲಿಷ್ ಪ್ರತಿ ಆಗಲೇ ಜರ್ಮನಿಗೆ ಹೋಗಿದೆ, ಅಲ್ಲಿಯ ಒಂದು ಕ್ರೈಸ್ತ ಸಭೆಯವರು ಲೋಕಯ್ಯನಿಗಾಗಿ ಪ್ರಾರ್ಥಿಸುತ್ತಿದ್ದೇವೆ ಎಂದು ಬರೆದಿದ್ದಾರೆ, ಈಗ ತಪ್ಪು ಎಂದರೆ ಉಳಿದದ್ದೂ ಸುಳ್ಳು ಎಂದಾಗುತ್ತದೆ ಎಂದು ಅಧ್ಯಕ್ಷರು ಹೇಳಿದರಂತೆ. ಅದರ ಬದಲು, ಬರುವ ಭಾನುವಾರದ ಸಮಾರೋಪ ಸಭೆಯಲ್ಲಿ ಲೋಕಯ್ಯನಿಗೆ ಒಂದು ಹೊಸ ಸೈಕಲ್ ಕೊಡುವುದೆಂದು ತೀರ್ಮಾನವಾಗಿದೆ.

ಲೋಕಯ್ಯ ತನ್ನ ಹನ್ನೊಂದು ಸೈಕಲ್‌ಗಳ ಕಡೆ ನೋಡಿದ, ನಂತರ ಟೀಚರ್ ಮುಖ ನೋಡಿದ. ಟೀಚರ್ ತಲೆ ತಗ್ಗಿಸಿದರು. ನಾನು ಕಾರ್ಯದರ್ಶಿ ಸ್ಥಾನ ಬಿಡುತ್ತೇನೆ ಎಂದರು. ನೀವು ಬಿಟ್ಟರೆ ನನ್ನ ಹೆಸರು ವಾಪಸು ಬರುವುದಿಲ್ಲವಲ್ಲ ಎಂದ ಅವನು.

"ಸಭೆ ಎಷ್ಟು ಹೊತ್ತಿಗೆ ಟೀಚರ್?"

"ಹನ್ನೆರಡಕ್ಕೆ ಶುರು. ಮುಗಿದ ಮೇಲೆ ಎಲ್ಲರಿಗೂ ಊಟ ಉಂಟು."

"ಹಾಗಾದರೆ ಬರ್ತೇನೆ ಅಂತ ಹೇಳಿ."

ಭಾನುವಾರ ಸಭಾಂಗಣ ತುಂಬಿತ್ತು. ಲೋಕಯ್ಯ ಇಸ್ತ್ರಿ ಹಾಕಿದ ಬಿಳಿ ಅಂಗಿ, ಬಿಳಿ ಪಂಚೆಯಲ್ಲಿ ಬಂದು ವಾರಿಜಾಕ್ಷಿಯ ಪಕ್ಕದಲ್ಲಿ ಕೂತ. ಮುಂದಿನ ಸಾಲಿನಲ್ಲಿ, ವಂತಿಗೆ ಕೊಟ್ಟ ಗಣ್ಯರ ನಡುವೆ ತಾರಾನಾಥ ಶೆಟ್ಟರೂ ಇದ್ದರು. ವೇದಿಕೆಯ ಮೂಲೆಯಲ್ಲಿ ಕೆಂಪು ರಿಬ್ಬನ್ ಕಟ್ಟಿದ ಹೊಸ ಸೈಕಲ್. ಭಾಷಣಗಳು ಒಂದರ ಹಿಂದೆ ಒಂದು ಬಂದವು. ಒಂದು ಗಂಟೆ ಕಳೆಯಿತು, ಒಂದೂವರೆ ಆಯಿತು. ಹಿಂದಿನ ಅಡುಗೆ ಕೋಣೆಯಿಂದ ಕೋಳಿ ಸಾರಿನ ಪರಿಮಳ ಬಂದು ಜನ ಕುರ್ಚಿಯಲ್ಲಿ ಮಿಸುಕಾಡತೊಡಗಿದರು. ಆಗ ಜ್ಞಾನಮಿತ್ರ ಮೈಕಿನ ಎದುರು ಬಂದು ಲೋಕಯ್ಯನನ್ನು ಕರೆದ.

ಅಧ್ಯಕ್ಷರು ಸೈಕಲಿನ ಹ್ಯಾಂಡಲ್ ಹಿಡಿದು ಫೋಟೋಕ್ಕೆ ಸರಿಯಾಗಿ ನಿಂತರು. ಲೋಕಯ್ಯ ಸೈಕಲಿಗೆ ಕೈ ಹಚ್ಚಲಿಲ್ಲ. ಮೈಕಿನ ಹತ್ತಿರ ಹೋದ.

"ಯಾತ್ರೆಯಲ್ಲಿ ನಾನು ಎಂಟು ದಿನ ಕೆಲಸ ಮಾಡಿದ್ದೇನೆ. ಮಜೂರಿ ತೆಗೆದುಕೊಳ್ಳಲಿಲ್ಲ, ಊಟ ಮಾತ್ರ ಸಾಕು ಅಂದಿದ್ದೆ. ಐದನೇ ದಿನದ ಮಧ್ಯಾಹ್ನದ ಊಟ ಸಿಕ್ಕಲಿಲ್ಲ. ಅದು ಬಾಕಿ ಉಂಟು. ಈಗ ಕೊಡಿ."

ಅಧ್ಯಕ್ಷರು ನಗಲು ನೋಡಿದರು. ಸಭೆ ಮುಗಿದ ಕೂಡಲೇ ಎಲ್ಲರ ಜೊತೆ ಮಾಡುವಿರಂತೆ ಎಂದರು. ಅದು ಇವತ್ತಿನ ಊಟ, ನಾನು ಕೇಳುವುದು ಅವತ್ತಿನದು ಎಂದ ಲೋಕಯ್ಯ. ಹೇಳಿ ವೇದಿಕೆಯ ನಟ್ಟನಡುವೆ, ಸೈಕಲಿನ ಪಕ್ಕ, ಪದ್ಮಾಸನ ಹಾಕಿ ಕೂತೇಬಿಟ್ಟ. ಏಳಿಸಲು ಯಾರೋ ಮುಂದೆ ಬಂದರು, ಅವನ ಕಣ್ಣು ನೋಡಿ ಹಿಂದೆ ಸರಿದರು.

ಉರ್ಸುಲಾ ಟೀಚರ್ ಎದ್ದರು. ಯಾರನ್ನೂ ಕೇಳದೆ ಅಡುಗೆ ಕೋಣೆಗೆ ಹೋಗಿ, ಬಾಳೆಲೆ ತಂದು, ನೀರು ಚಿಮುಕಿಸಿ ಹಾಸಿದರು. ಅನ್ನ, ಕೋಳಿ ಸಾರು, ಪಲ್ಯ, ಎಲ್ಲ ತಾವೇ ಬಡಿಸಿದರು. ಲೋಕಯ್ಯ ಉಣ್ಣಲು ಶುರು ಮಾಡಿದ. ಅವಸರ ಮಾಡಲಿಲ್ಲ. ಎರಡನೇ ಸಲ ಅನ್ನ ಹಾಕಿಸಿಕೊಂಡ, ಮೂಳೆಯನ್ನು ಚೆನ್ನಾಗಿ ಚೀಪಿ ಎಲೆಯ ಬದಿಗಿಟ್ಟ. ಎರಡು ಗಂಟೆಯಾಗುತ್ತ ಬಂದಿತ್ತು. ಮುನ್ನೂರು ಜನ, ಅಧ್ಯಕ್ಷರು, ಗಣ್ಯರು, ತಾರಾನಾಥ ಶೆಟ್ಟರು, ಎಲ್ಲರೂ ಸಾರಿನ ವಾಸನೆ ಕುಡಿಯುತ್ತ ಒಬ್ಬ ಉಣ್ಣುವುದನ್ನು ಕಾದು ಕೂತಿದ್ದರು. ಕಾಯುವುದು ಹೇಗಿರುತ್ತದೆ ಎಂದು ಅವರಲ್ಲಿ ಕೆಲವರಿಗಾದರೂ ಅವತ್ತು ಮೊದಲ ಸಲ ಗೊತ್ತಾಗಿರಬೇಕು.

ಕೈ ತೊಳೆದು ಬಂದ ಲೋಕಯ್ಯ ಮೈಕಿನ ಪಕ್ಕ ನಿಂತಿದ್ದ ಜ್ಞಾನಮಿತ್ರನನ್ನು ನೋಡಿದ. ಹುಡುಗ ಬೆಳಿಗ್ಗೆಯಿಂದ ಓಡಾಡಿ ಸೋತಿದ್ದ.

"ನಿಮಗೆ ಈಗ ಹಸಿವು ಆಗ್ತದಾ?"

"ಆಗುತ್ತದೆ," ಎಂದ ಜ್ಞಾನಮಿತ್ರ ತಗ್ಗಿದ ದನಿಯಲ್ಲಿ.

"ತುಳುವಿನಲ್ಲಿ ಹೇಳಿ. ಮೈಕಿನಲ್ಲಿ."

ಅವನು ಟೀಚರ್ ಕಡೆ ನೋಡಿದ, ಟೀಚರ್ ಹೇಳು ಎಂಬಂತೆ ತಲೆಯಾಡಿಸಿದರು. ಅವನು ಮೈಕಿಗೆ ಬಾಗಿದ.

"ಎಂಕ್ ಬಡವಾಪುಂಡು."

ತುಳು ಬಲ್ಲ ಸಭೆ ಒಂದು ಕ್ಷಣ ನಕ್ಕಿತು. ಆಮೇಲೆ ಒಬ್ಬೊಬ್ಬರಾಗಿ ಮಡಿಲಲ್ಲಿದ್ದ ಕರಪತ್ರವನ್ನು ತಿರುಗಿಸಿ ಓದಿದರು, ಮತ್ತೆ ಯಾರೂ ನಗಲಿಲ್ಲ. ತಾರಾನಾಥ ಶೆಟ್ಟರು ಹಾಳೆಯನ್ನು ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಂಡರು.

"ನಾನು ಅವತ್ತು ಹೇಳಿದ್ದು ಇಷ್ಟೇ," ಎಂದ ಲೋಕಯ್ಯ. "ಹಾಗಾದರೆ ಈ ಸೈಕಲ್ ಇವರಿಗೇ ಕೊಡಿ."

ಅವನು ವೇದಿಕೆ ಇಳಿದು ವಾರಿಜಾಕ್ಷಿಯನ್ನು ಕರೆದುಕೊಂಡು ಹೊರಟ. ಇಳಿಯುವಾಗ ಅಧ್ಯಕ್ಷರು ಗಲಿಬಿಲಿಯಲ್ಲಿ ಸೈಕಲನ್ನು ಹಿಂದಕ್ಕೆ ತಳ್ಳಿದ್ದು ಅವನ ಕಣ್ಣಿಗೆ ಬಿತ್ತು. ಹೊಸ ಸೈಕಲೇ ಆದರೂ ಮುಂದಿನ ಚಕ್ರದಲ್ಲಿ ಒಂದು ನೂಲಿನಷ್ಟು ಬೆಂಡ್ ಇತ್ತು. ಲೋಕಯ್ಯ ಅದನ್ನು ಯಾರಿಗೂ ಹೇಳಲಿಲ್ಲ.